ಪೈಪಿನಲ್ಲಿ ಮಲಗಿದ ನೀರು

ಬೀದಿಯವರೆಲ್ಲ ಅವಳನ್ನು ಹಂಡೆಯಮ್ಮ ಎಂದೇ ಕರೆಯುತ್ತಾರೆ. ಹೆಸರು ತಂದುಕೊಟ್ಟ ಹಂಡೆ ಈಗಿಲ್ಲ. ಹಿತ್ತಿಲ ಗೋಡೆಯ ಪಕ್ಕ ಅದು ಕೂರುತ್ತಿದ್ದ ಕಬ್ಬಿಣದ ಒಲೆ ಮಾತ್ರ ಬಾಯಿ ತೆರೆದುಕೊಂಡು ಕೂತಿದೆ. ಹಂಡೆಯನ್ನು ಕೊಯ್ದವರು ಯಾರು ಎಂಬುದು ಬೀದಿಗೆಲ್ಲ ಗೊತ್ತು. ಯಾಕೆ ಕೊಯ್ದರು ಎಂಬುದು ಮಾತ್ರ ಬೀದಿಗೆ ತಪ್ಪಾಗಿ ಗೊತ್ತಿದೆ. ಅದನ್ನು ಸರಿಮಾಡದೆ ಬಿಟ್ಟರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ಆ ತಾಮ್ರದ ಹಂಡೆ ಅವಳ ಅಪ್ಪನದು. ಅಪ್ಪ ಅದರಲ್ಲಿ ಬಾರ್ಲಿ ಬಿಯರ್ ಕಾಯಿಸುತ್ತಿದ್ದ, ಅಪ್ಪನ ನಂತರ ಅವಳು ಕಾಯಿಸಿದಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಿಹಿನೀರು ಬಸಿದು, ಹಂಡೆಗೆ ಸುರಿದು ಕುದಿಸಿ, ತಣ್ಣೀರು ಹರಿಯುವ ತಾಮ್ರದ ಸುರುಳಿ ಕೊಳವೆ ಇಳಿಸಿ ತಣಿಸಿ, ಯೀಸ್ಟ್ ಹಾಕಿ, ಬಾಟಲಿ ತುಂಬುವುದು. ನೆಂಟರಿಷ್ಟರಿಗೆ, ಬೀದಿಯ ನಾಲ್ಕು ಮನೆಗೆ ಸಾಕಾಗುವಷ್ಟು. ಅವಳ ಹತ್ತಿರ ಚೀಟಿಯಿಲ್ಲದ ಬಾಟಲಿ ಒಂದೂ ಇರಲಿಲ್ಲ. ಯಾವ ಬಾರ್ಲಿ, ಯಾವ ತಾರೀಕು, ಏನು ಬದಲಾಯಿಸಿದ್ದು, ಎಲ್ಲವನ್ನೂ ಬರೆದು ಅಂಟಿಸುತ್ತಿದ್ದಳು. ಏನು ಮಾಡಿದೆ, ಯಾವತ್ತು ಮಾಡಿದೆ ಅಂತ ಬರೆದಿಟ್ಟರೆ, ಕೆಟ್ಟಾಗ ಯಾರ ಮುಖ ನೋಡಬೇಕು ಅಂತ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಇನ್ನೊಬ್ಬರ ಮುಖ ನೋಡುವ ಪ್ರಸಂಗ ಅವಳಿಗೆ ಬಂದದ್ದಿಲ್ಲ, ಏಕೆಂದರೆ ಮಾಡುತ್ತಿದ್ದವಳು ಅವಳೊಬ್ಬಳೇ.

ಮಗ ಅಕ್ಷರ ತಿದ್ದಿದ್ದೇ ಆ ಚೀಟಿಗಳ ಮೇಲೆ. ಬೆಳೆದು ಪ್ಲಂಬರ್ ಆದ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಅಮ್ಮನ ಅಭ್ಯಾಸ ಅವನ ಕೈಗೂ ಅಂಟಿತ್ತು. ಯಾರ ಮನೆಯಲ್ಲಿ ಯಾವ ವಾಲ್ವ್ ಮುಟ್ಟಿದರೂ, ಮುಚ್ಚಿದ್ದೋ ತೆರೆದದ್ದೋ ತಾರೀಕು ಸಮೇತ ಬರೆದು, ಬಿಳಿ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿಯೇ ಬರುತ್ತಿದ್ದ. ಊರಿನ ಅರ್ಧ ಮನೆಗಳ ಪೈಪುಗಳಿಗೆ ಅವನ ದುಂಡು ಅಕ್ಷರದ ಬಿಲ್ಲೆಗಳು ಜೋತುಬಿದ್ದಿವೆ. ಬೇರೆ ಪ್ಲಂಬರುಗಳು ನಕ್ಕರು, ಆಮೇಲೆ ತಾವೂ ಹಾಗೇ ಮಾಡತೊಡಗಿದರು.

ಈ ಮನೆಗೆ ತಾಮ್ರದ ಪೈಪು ಹಾಕಿದವನೂ ಅವನೇ. ಬಾವಿಯ ನೀರಿಗೆ ಕಣ್ಣಿಗೆ ಕಾಣದ ಹುಳಿ ಗುಣವಿದೆ, ಹಾಗೇ ಬಿಟ್ಟರೆ ತಾಮ್ರವನ್ನು ಮೆಲ್ಲಗೆ ತಿನ್ನುತ್ತದೆ ಎಂದು, ಮೆಟ್ಟಿಲ ಕೆಳಗಿನ ಪಂಪಿನ ಕೋಣೆಯಲ್ಲಿ ಸುಣ್ಣಕಲ್ಲಿನ ಹರಳು ತುಂಬಿದ ಫಿಲ್ಟರ್ ಟ್ಯಾಂಕ್ ಕೂರಿಸಿದ್ದ. ಹರಳು ಹುಳಿಯನ್ನು ಮುರಿಯುತ್ತದೆ, ಮುರಿಯುತ್ತ ತಾನೂ ಸವೆಯುತ್ತದೆ. ವರ್ಷಕ್ಕೊಮ್ಮೆ ತುಂಬಿಸಬೇಕು. ಇದನ್ನೆಲ್ಲ ಅಮ್ಮನಿಗೆ ಕೂರಿಸಿಕೊಂಡು ಹೇಳಿಕೊಟ್ಟವನೂ ಅವನೇ. ಅವಳು ತಲೆಯಾಡಿಸಿದ್ದಳು, ಮಗ ನೋಡಿಕೊಳ್ಳುತ್ತಾನೆ ಎಂದು ಮರೆತೂ ಬಿಟ್ಟಿದ್ದಳು.

ನೀರಿನ ವಿಷಯದಲ್ಲಿ ಅವಳದ್ದು ಒಂದೇ ಹಠ. ಇಡೀ ರಾತ್ರಿ ಪೈಪಿನಲ್ಲಿ ಮಲಗಿದ ನೀರು ಬಿಯರಿಗೆ ಆಗಿಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಬೆಳಗ್ಗೆ ಎದ್ದು ಅಡುಗೆಮನೆಯ ನಲ್ಲಿ ತಿರುಗಿಸಿ, ಧಾರೆಗೆ ಬೆರಳು ಕೊಟ್ಟು ನಿಲ್ಲುವಳು. ಒಂದಷ್ಟು ಹೊತ್ತಿಗೆ ನೀರು ಜುಮ್ಮೆಂದು ತಣ್ಣಗಾಗುತ್ತದೆ. ಆಗಲೇ ಪಾತ್ರೆ ಹಿಡಿಯುವುದು, ಬಿಯರಿಗೂ ಅದೇ, ಕುಡಿಯುವುದಕ್ಕೂ ಅದೇ. ಸೊಸೆ ಮನೆಗೆ ಬಂದ ಹೊಸದರಲ್ಲಿ, ಅಷ್ಟು ನೀರು ಸುಮ್ಮನೆ ಮೋರಿಗೆ ಹೋಗುತ್ತದಲ್ಲ ಎಂದು ನಲ್ಲಿಯ ಕೆಳಗೆ ಸ್ಟೀಲಿನ ಜಗ್ಗೊಂದನ್ನು ತಂದಿಟ್ಟಳು. ನ್ಯಾಯವಾದ ಮಾತೇ. ಅಂದಿನಿಂದ ಮಲಗಿದ ನೀರು ಜಗ್ಗಿಗೆ. ಜಗ್ಗಿನ ನೀರು ಕೆಟಲಿಗೆ. ಕೆಟಲಿನ ನೀರಿಗೆ ಹಾಲಿನ ಪುಡಿ ಕದಡಿ ಮೊಮ್ಮಗಳಿಗೆ. ಮೊಮ್ಮಗಳಿಗೆ ನಾಲ್ಕು ವರ್ಷ, ಮನೆಯಲ್ಲಿ ಎಲ್ಲರ ಬಾಯಲ್ಲೂ ಗುಬ್ಬಿ. ಹುಟ್ಟಿದಾಗಿನಿಂದ ಆ ಜಗ್ಗಿನ ನೀರಿನಲ್ಲೇ ಬೆಳೆದವಳು, ಒಂದು ದಿನವೂ ಹೊಟ್ಟೆನೋವು ಅಂದವಳಲ್ಲ.

ಏಪ್ರಿಲಿನಲ್ಲಿ ಶುರುವಾಯಿತು. ಹಾಲು ಕುಡಿದು ಅರ್ಧ ಗಂಟೆಗೆ ಗುಬ್ಬಿ ಹೊಟ್ಟೆ ಹಿಡಿದುಕೊಂಡು ಕೂರುವಳು, ಆಮೇಲೆ ಕುಡಿದದ್ದನ್ನೆಲ್ಲ ಕಾರಿಕೊಳ್ಳುವಳು. ಎರಡು ದಿನ ಚೆನ್ನಾಗಿದ್ದರೆ ಮೂರನೆಯ ದಿನ ಮತ್ತೆ ಅದೇ. ಜಂತುಹುಳುವಿಗೆ ಔಷಧಿಯಾಯಿತು. ಹಾಲಿನ ಪುಡಿ ಮೂರು ಸಲ ಬದಲಾಯಿತು. ಮಗುವಿನ ಕೆನ್ನೆ ಇಳಿದುಹೋಯಿತು, ಜಿಗಿಯುತ್ತಿದ್ದವಳು ಅಜ್ಜಿಯ ಸೆರಗು ಹಿಡಿದು ಮೂಲೆಯಲ್ಲಿ ಕೂರತೊಡಗಿದಳು. ಜುಲೈಯಲ್ಲಿ ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಮನೆಮಂದಿಯೆಲ್ಲ ಹೋದರು, ಗುಬ್ಬಿ ಅಜ್ಜಿಯ ತೊಡೆಯ ಮೇಲೆ.

ಮಗುವಿನ ಮೈಯಲ್ಲಿ ತಾಮ್ರ ಹೆಚ್ಚಾಗಿದೆ ಎಂದರು ಡಾಕ್ಟರು. ಮನೆಯಲ್ಲಿ ತಾಮ್ರದ ಪಾತ್ರೆ ಏನಾದರೂ ಇದೆಯೇ ಎಂದು ಕೇಳಿದರು.

ಮಗನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಹಂಡೆಯಮ್ಮ ಅದನ್ನು ನೋಡಿದಳು, ಮಗಳ ಮೇಲಿನ ಕಕ್ಕುಲಾತಿ ಅಂದುಕೊಂಡಳು. ತಾಯಿಯಲ್ಲವೇ, ಒಳ್ಳೆಯದನ್ನೇ ಅಂದುಕೊಳ್ಳುವ ಚಟ. ಅಷ್ಟರಲ್ಲಿ ಅವನು ಇವಳ ಕಡೆ ಕೈ ತೋರಿಸಿ ಹೇಳಿದ: "ಅಮ್ಮನ ಹತ್ರ ದೊಡ್ಡ ತಾಮ್ರದ ಹಂಡೆ ಇದೆ ಡಾಕ್ಟ್ರೇ. ಬಿಯರ್ ಮಾಡ್ತಾಳೆ."

ಅದರಿಂದ ಮಗುವಿಗೆ ಏನಾದರೂ ಕೊಟ್ಟಿದ್ದೀರಾ ಎಂದು ಡಾಕ್ಟರು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಯೀಸ್ಟ್ ಹಾಕುವ ಮೊದಲು ಬಾರ್ಲಿಯ ಸಿಹಿನೀರನ್ನು ಸೌಟಿನಿಂದ ಒಂದೆರಡು ಚಮಚ ನೆಕ್ಕಿಸಿದ್ದುಂಟು. ತಿಂಗಳಿಗೊಮ್ಮೆ ಇದ್ದೀತು. ಡಾಕ್ಟರು ಅದನ್ನು ಬರೆದುಕೊಂಡರು. ಸೊಸೆ ಎದ್ದು ಬಂದು ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡಳು.

ಅಂದು ಬೆಳಗ್ಗೆ ಅವಳು ಒಂದು ಸರದಿ ಬಿಯರನ್ನು ಬಾಟಲಿಗೆ ತುಂಬಿ, ಜುಲೈ ಇಪ್ಪತ್ಮೂರು ಎಂದು ಚೀಟಿ ಅಂಟಿಸಿ ಸಾಲಾಗಿ ನಿಲ್ಲಿಸಿ ಹೋಗಿದ್ದಳು. ಸಂಜೆ ಮಗ ಹಿತ್ತಿಲಿಗೆ ಗರಗಸ ತಂದ. ಹಂಡೆಯನ್ನು ಮಗುಚಿ, ಮಂಡಿಯಲ್ಲಿ ಒತ್ತಿಹಿಡಿದು, ನಾಲ್ಕು ತುಂಡಾಗಿ ಕೊಯ್ದ. ಸುರುಳಿಯನ್ನೂ ಬಿಡಲಿಲ್ಲ. ಗರಗಸದ ಸದ್ದಿಗೆ ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕಿದರು. ಅಪ್ಪ ಐವತ್ತು ವರ್ಷ ತಿಕ್ಕಿ ಬೆಳಗಿದ ಒಳಮೈ ಬಿಸಿಲಿಗೆ ಹೊಳೆಯಿತು. ಅವಳು ಬಾಗಿಲ ಚೌಕಟ್ಟು ಹಿಡಿದು ನೋಡಿದಳು, ಬೇಡ ಎನ್ನಲಿಲ್ಲ. ಮೊಮ್ಮಗಳಿಗಿಂತ ಹಂಡೆ ಹೆಚ್ಚೇ? ತುಂಡುಗಳನ್ನು ವ್ಯಾನಿಗೆ ಹಾಕಿಕೊಂಡು ಅವನೇ ಗುಜರಿಗೆ ಒಯ್ದ. ಹಂಡೆಯ ಮುಚ್ಚಳವೊಂದು ಉಳಿಯಿತು, ಗುಬ್ಬಿ ಅದನ್ನು ತಮಟೆ ಮಾಡಿಕೊಂಡು ಮಂಚದ ಕೆಳಗೆ ಇಟ್ಟುಕೊಂಡಿದ್ದಳು ಎಂಬ ಕಾರಣಕ್ಕೆ.

ಆಮೇಲೆ ಮನೆಯಲ್ಲಿ ಹೊಸ ಕಟ್ಟಳೆ ಬಂತು. ಅತ್ತೆ ಮಗುವನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯಬೇಕು. ಸೊಸೆ ಕೆಟ್ಟವಳಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಬಂದು, ಹೊತ್ತಲ್ಲದ ಹೊತ್ತಿನಲ್ಲಿ ವಾಂತಿ ಬಳಿದವಳು, ಹೆದರಿದ್ದಳು. ಹೆದರಿದವರು ಏನು ಹೇಳಿದರೂ ಹಂಡೆಯಮ್ಮ ಕೇಳಿಕೊಂಡಾಳು. ಅವಳು ಸಿಂಕಿನ ಮುಂದೆ ನಿಂತು ಕೈ ತೊಳೆದಳು. ಮಗ ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತ ಅದನ್ನು ನೋಡಿದ. ಒಂದು ದಿನವಲ್ಲ, ದಿನಾ ನೋಡಿದ.

ಗುಬ್ಬಿಯನ್ನು ಹದಿನೈದು ದಿನ ಸೊಸೆಯ ತವರಿಗೆ ಕಳಿಸಿದರು. ಅಲ್ಲಿ ಮಗು ಒಂದು ಸಲವೂ ವಾಂತಿ ಮಾಡಲಿಲ್ಲ, ಎರಡು ಹೊತ್ತು ಕೇಳಿ ಕೇಳಿ ತಿಂದಳು. ನೋಡಿದಿರಾ ಎಂದಿತು ಬೀದಿ. ಬಿಯರ್ ಕುಡಿದು ಬಾಯಿ ಚಪ್ಪರಿಸಿದವರೇ ಮನೆಯಲ್ಲಿದ್ದ ಬಾಟಲಿಗಳನ್ನು ಮೋರಿಗೆ ಸುರಿದರು, ಅದೂ ಅವಳಿಗೆ ಕಾಣುವಂತೆ. ಅದನ್ನೂ ಅವಳು ಸಹಿಸಿಕೊಂಡಳು. ಎಲ್ಲಕ್ಕಿಂತ ನನ್ನ ಮೈ ಉರಿಯುವುದು ಯಾವುದಕ್ಕೆ ಗೊತ್ತೇ? ಅವಳು ಅವರನ್ನೆಲ್ಲ ನಂಬಿದಳು. ತನ್ನ ಕೈಯಾರೆ ಮಗುವಿಗೆ ವಿಷ ನೆಕ್ಕಿಸಿದೆ ಎಂದು ಆ ಹದಿನೈದು ದಿನವೂ ಸರಿಯಾಗಿ ಉಣ್ಣದೆ, ತನ್ನನ್ನು ತಾನೇ ತಿಂದುಕೊಂಡಳು.

ಗುಬ್ಬಿ ಮರಳಿ ಬಂದು ಮೂರನೆಯ ಬೆಳಗ್ಗೆ ಹಾಲು ಕುಡಿದು, ಅಂಗಳದವರೆಗೆ ಓಡಿ, ಕಾರಿಕೊಂಡಳು.

ಸೊಸೆ ಮಗುವಿನ ಬಾಯಿ ಒರೆಸಿ ಒಳಗೆ ಬಂದು ಅತ್ತೆಯ ಎದುರು ನಿಂತಳು. "ಅತ್ತೆ, ಇನ್ನೂ ಏನಾದ್ರೂ ಬಚ್ಚಿಟ್ಟಿದ್ದೀರಾ? ನಾನು ಬಯ್ಯಲ್ಲ. ನಿಜ ಹೇಳಿ ಸಾಕು."

ಮಗ ನೆಲ ನೋಡುತ್ತ, ಅಮ್ಮ ಸ್ವಲ್ಪ ದಿನ ಚಿಕ್ಕಮ್ಮನ ಮನೆಗೆ ಹೋಗಿ ಇದ್ದು ಬರಲಿ, ವಾರದ ಕೊನೆಗೆ ತಾನೇ ಬಿಟ್ಟುಬರುತ್ತೇನೆ ಎಂದ. ಹಾಗೆಂದು ಹೆಗಲಿಗೆ ಸಾಮಾನಿನ ಚೀಲ ಏರಿಸಿ ಕೆಲಸಕ್ಕೆ ಹೊರಟುಹೋದ. ಸೊಸೆ ಮಗುವನ್ನು ಎತ್ತಿಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಕೈಗೆ ಕೆಲಸವಿಲ್ಲದೆ ನಿಲ್ಲುವುದು ಅವಳಿಗೆ ಗೊತ್ತಿಲ್ಲ. ಪಾತ್ರೆ ತಿಕ್ಕಿದಳು, ಸಿಂಕ್ ತಿಕ್ಕಿದಳು. ಬಿಳಿಯ ಸಿಂಕಿನಲ್ಲಿ, ನಲ್ಲಿಯ ಹನಿ ಬೀಳುವ ಜಾಗದಿಂದ ತೂತಿನವರೆಗೆ, ಹಸಿರುನೀಲಿ ಗೆರೆಯೊಂದು ಇಳಿದಿತ್ತು. ತಿಂಗಳುಗಟ್ಟಲೆ ನೋಡಿದ್ದ ಗೆರೆಯೇ, ಸೋಪಿನ ಕಲೆ ಎಂದುಕೊಂಡು ಇಷ್ಟು ದಿನ ತಿಕ್ಕಿದ್ದಳು. ಈಗ ಅವಳ ಕೈ ನಿಂತಿತು. ಆ ಬಣ್ಣ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಹಂಡೆಯನ್ನು ತೊಳೆದು ಒರೆಸದೆ ಬಿಟ್ಟರೆ ಅಂಚಿನಲ್ಲಿ ಏಳುತ್ತಿದ್ದ ಕಿಲುಬಿನ ಬಣ್ಣ ಅದು.

ಜಗ್ಗಿನ ತಳದಲ್ಲಿ ಬೆಳಗಿನ ನೀರು ಉಳಿದಿತ್ತು. ಅಷ್ಟು ವರ್ಷ ಅದನ್ನು ಹಿಡಿದಿಟ್ಟವಳು ಒಂದು ಗುಟುಕೂ ಅದರ ರುಚಿ ನೋಡಿರಲಿಲ್ಲ. ಈಗ ಬಾಯಿಗೆ ಹಾಕಿಕೊಂಡಳು. ನಾಲಿಗೆಯ ಎರಡು ಬದಿಯೂ ಒಗರಾಗಿ ಸೆಟೆದುಕೊಂಡಿತು. ಹುಡುಗಿಯಾಗಿದ್ದಾಗ ಅಪ್ಪನ ಕಣ್ಣು ತಪ್ಪಿಸಿ ಹಂಡೆಯ ಅಂಚು ನೆಕ್ಕಿದಾಗಿನ ಅದೇ ರುಚಿ. ನಲ್ಲಿ ಬಿಟ್ಟು, ನೀರು ತಣ್ಣಗಾದ ಮೇಲೆ ಇನ್ನೊಂದು ಗುಟುಕು ಕುಡಿದಳು. ಏನೂ ಇಲ್ಲ, ಬರೀ ನೀರು. ಹಂಡೆ ಗುಜರಿ ಸೇರಿ ತಿಂಗಳಾಗುತ್ತ ಬಂದಿತ್ತು. ತಾಮ್ರ ಎಲ್ಲಿಂದ ಬಂತು?

ಅವಳು ಕೈ ಒರೆಸಿಕೊಂಡು ಮೆಟ್ಟಿಲ ಕೆಳಗಿನ ಪಂಪಿನ ಕೋಣೆಗೆ ಹೋಗಿ ದೀಪ ಹಾಕಿದಳು. ಫಿಲ್ಟರ್ ಟ್ಯಾಂಕ್ ಮೂಲೆಯಲ್ಲಿ ನಿಂತಿತ್ತು. ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬಂದಳು. ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ಹೇಳಬಲ್ಲ ಕಿವಿ ಅವಳದು. ಟ್ಯಾಂಕ್ ಬುಡದ ಒಂದು ಗೇಣು ಬಿಟ್ಟು ಉಳಿದದ್ದೆಲ್ಲ ಟೊಳ್ಳು. ಅದರ ಮೇಲೆ ಕಲ್ಲೇ ಇರಲಿಲ್ಲ.

ಅವಳ ಮನಸ್ಸು ಆಗಲೂ ಮಗನ ಪರವಾಗಿಯೇ ವಕೀಲಿ ಮಾಡುತ್ತಿತ್ತು. ಮರೆತಿರಬೇಕು ಪಾಪ, ಊರವರ ನಲ್ಲಿ ರಿಪೇರಿಯಲ್ಲಿ ಮನೆಯದು ನೆನಪಾಗಿರಲಿಕ್ಕಿಲ್ಲ. ಹಾಗೆಂದುಕೊಳ್ಳುತ್ತಲೇ ವಾಲ್ವಿಗೆ ಜೋತುಬಿದ್ದ ಬಿಲ್ಲೆಯನ್ನು ದೀಪದ ಕಡೆ ತಿರುಗಿಸಿದಳು.

ದುಂಡು ಅಕ್ಷರಗಳಲ್ಲಿ ಎರಡು ಸಾಲು ಇದ್ದವು. ಫಿಲ್ಟರ್ ಮುಚ್ಚಿ ನೀರು ನೇರ ಬಿಟ್ಟದ್ದು, ಮಾರ್ಚ್ ಹನ್ನೊಂದು. ಫಿಲ್ಟರ್ ತೆರೆದದ್ದು, ಜುಲೈ ಇಪ್ಪತ್ಮೂರು.

ಅವಳು ಆ ಎರಡನೆಯ ಸಾಲನ್ನು ಎಷ್ಟು ಸಲ ಓದಿದಳೋ. ಮಾರ್ಚಿನದು ಅವಳಿಗೆ ಅರ್ಥವಾಯಿತು. ಆಗ ಸ್ನಾನದ ಮನೆಯಲ್ಲಿ ನೀರು ಸಣ್ಣಗೆ ಬರುತ್ತದೆ ಎಂದು ಸೊಸೆ ಗೊಣಗುತ್ತಿದ್ದಳು. ಸವೆದು ಗಟ್ಟಿಯಾಗಿ ಕೂತ ಹರಳನ್ನು ತೆಗೆದು ತುಂಬಿಸುವ ಬದಲು, ಮುಂದಿನ ವಾರ ನೋಡೋಣ ಎಂದು ಫಿಲ್ಟರನ್ನೇ ಬದಿಗೆ ಸರಿಸಿದ್ದಾನೆ. ಸೋಮಾರಿತನ, ಯಾರು ಮಾಡಿಲ್ಲ? ಆದರೆ ಜುಲೈ ಇಪ್ಪತ್ಮೂರು. ಡಾಕ್ಟರು ತಾಮ್ರ ಎಂದ ದಿನ. ಅಂದು ಡಾಕ್ಟರ ಎದುರು ಅವನ ಮುಖ ಬಿಳಿಚಿದ್ದು ಮಗಳಿಗಾಗಿ ಅಲ್ಲ. ಮನೆಗೆ ಬಂದು, ಮೊದಲು ಈ ಕೋಣೆಗೆ ನುಸುಳಿ ವಾಲ್ವ್ ತೆರೆದು, ಆಮೇಲೆ ಹಿತ್ತಿಲಿಗೆ ಹೋಗಿ ಗರಗಸ ಹಿಡಿದಿದ್ದಾನೆ. ಹರಳಿನ ಮೂಟೆ ಹೊತ್ತು ತಂದರೆ ಹೆಂಡತಿಯ ಕಣ್ಣಿಗೆ ಬೀಳುತ್ತದೆ, ವಾಲ್ವ್ ತಿರುಗಿಸಿದರೆ ಯಾರಿಗೂ ಕಾಣುವುದಿಲ್ಲ. ಒಳಗೆ ಕಲ್ಲು ಸತ್ತುಹೋಗಿದೆ ಎಂದು ಗೊತ್ತಿದ್ದೂ ಏನೋ ಆದೀತು ಎಂದು ತಿರುಗಿಸಿಟ್ಟಿದ್ದಾನೆ. ಬಾಯಲ್ಲಿ ಸುಳ್ಳು ಸಲೀಸಾಗಿ ಬಂತು. ಆದರೆ ಬಿಲ್ಲೆ ಬರೆಯದೆ ವಾಲ್ವ್ ಬಿಟ್ಟುಬರಲು ಆ ಕೈಗೆ ಬರಲಿಲ್ಲ. ಆ ಕೈಯನ್ನು ಹಿಡಿದು ತಿದ್ದಿಸಿದವಳು ಇವಳೇ.

ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಕಾಲಿನಿಂದ ಶುರುವಾಗಿ ನೆತ್ತಿಯವರೆಗೆ ಬಂದದ್ದು ಸಿಟ್ಟು. ಅರವತ್ತೆರಡು ವರ್ಷದಲ್ಲಿ ಅಂಥ ಸಿಟ್ಟು ಅವಳಿಗೆ ಬಂದಿರಲಿಲ್ಲ, ಬಂದದ್ದು ಒಳ್ಳೆಯದಾಯಿತು.

ತಂತಿ ಬಿಚ್ಚಿ ಬಿಲ್ಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅಂದು ಗುಬ್ಬಿಗೆ ಬೇಕಾದ ನೀರನ್ನೆಲ್ಲ ಪಕ್ಕದ ಮನೆಯಿಂದ ತಂದಳು. ಮರುದಿನ ಬೆಳಗ್ಗೆ ಎಂದಿನಂತೆ ನಲ್ಲಿ ತಿರುಗಿಸಿ ಮಲಗಿದ ನೀರನ್ನು ಜಗ್ಗಿಗೆ ಹಿಡಿದು, ಊಟದ ಮೇಜಿನ ನಡುವೆ ಇಟ್ಟು ಕೂತಳು.

ಸೊಸೆ ಕೆಟಲ್ ತುಂಬಲು ಬಂದಾಗ ಜಗ್ಗಿನ ಬಾಯಿಯ ಮೇಲೆ ಅಂಗೈ ಇಟ್ಟಳು. ಲೋಟ ತುಂಬ ಬಗ್ಗಿಸಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮಗನ ಮುಂದೆ ಸರಿಸಿದಳು.

"ಕುಡಿ," ಎಂದಳು.

ತನಗೆ ಬಾಯಾರಿಕೆ ಇಲ್ಲ ಎಂದ ಅವನು, ಲೋಟದ ಕಡೆ ನೋಡದೆ.

"ಬಾಯಾರಿಕೆಗಲ್ಲ. ನಿನ್ನ ಮಗಳು ದಿನಾ ಬೆಳಗ್ಗೆ ಕುಡಿಯೋ ನೀರು ಅದು. ಒಂದು ಲೋಟ ಕುಡಿ, ನಾನು ಈಗ್ಲೇ ಚಿಕ್ಕಮ್ಮನ ಮನೆಗೆ ಹೊರಡ್ತೀನಿ."

ಅವನ ಕೈಯಲ್ಲಿದ್ದ ಚಾಕು ಬ್ರೆಡ್ಡಿನ ಮೇಲೆ ಸುಮ್ಮನೆ ಹೋಗಿ ಬರುತ್ತಿತ್ತು. ಸೊಸೆ ಗಂಡನ ಮುಖ ನೋಡಿದಳು, ಲೋಟ ನೋಡಿದಳು, ಮತ್ತೆ ಗಂಡನ ಮುಖ ನೋಡಿದಳು. ಕುಡಿಯಿರಿ, ಅದರಲ್ಲೇನಿದೆ ಎಂದು ಕೇಳಿದಳು. ಅವನು ಕುಡಿಯಲಿಲ್ಲ.

ಹಂಡೆಯಮ್ಮ ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕ ಕೊನೆಯ ಸರದಿಯ, ಡಾಕ್ಟರ ಹತ್ತಿರ ಹೋದ ದಿನ ತುಂಬಿದ ಬಾಟಲಿಯೊಂದನ್ನು ತಂದಿಟ್ಟಳು, ಚೀಟಿ ಸೊಸೆಯ ಕಡೆಗೆ ತಿರುಗಿಸಿ. ಕನ್ನಡಕದ ಅಂಗಡಿಯವಳು, ಸಣ್ಣಕ್ಷರ ಓದುವುದು ಅವಳ ದಿನನಿತ್ಯದ ಕಸುಬು. ಎರಡನ್ನೂ ಓದಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಕುರ್ಚಿ ಎಳೆದು ಕೂತಳು.

"ಅವತ್ತೇ ಗೊತ್ತಿತ್ತಾ ನಿಮಗೆ?" ಎಂದು ಕೇಳಿದಳು.

ಹೇಳಬೇಕೆಂದೇ ಇದ್ದೆ ಎಂದ ಅವನು. ಹರಳು ತರಿಸಲು ಹೇಳಿದ್ದೆ ಎಂದ. ಪ್ಲಂಬರನ ಮನೆಯಲ್ಲೇ ಹೀಗಾಯಿತು ಅಂತ ಗೊತ್ತಾದರೆ ಯಾರು ಕೆಲಸಕ್ಕೆ ಕರೆಯುತ್ತಾರೆ ಎಂದ. ಹಂಡೆಯೂ ತಾಮ್ರದ್ದೇ ಅಲ್ಲವಾ, ಅದರಿಂದಲೂ ಒಂದಿಷ್ಟು ಹೋಗಿರಬಹುದು ಎಂದ. ಆ ಕೊನೆಯ ಮಾತನ್ನು ಅವನು ಆಡಬಾರದಿತ್ತು.

"ಹಂಡೆ ವಿಷಯ ಎತ್ತಬೇಡ," ಎಂದಳು ಹಂಡೆಯಮ್ಮ. ದನಿ ಏರಿಸಲಿಲ್ಲ. "ಕಲ್ಲು ತುಂಬಿಸೋದು ಮರೆತೆ ಅಂದಿದ್ರೆ ನಾನೇ ನಿನ್ನ ಜೊತೆ ಮೂಟೆ ಹೊರ್ತಿದ್ದೆ. ಬೀದಿಗೆ ಹೇಳ್ತಾನೂ ಇರ್ಲಿಲ್ಲ. ಅರ್ಧ ದಿನದ ಕೆಲಸ ಕಣೋ ಅದು. ನೀನು ಗರಗಸ ತಗೊಂಡೆ. ಹೋಗ್ಲಿ, ತಾಮ್ರ ತಾನೇ. ಆದ್ರೆ ನಾನು ಮಗು ಮುಟ್ಟೋಕೆ ಮುಂಚೆ ದಿನಕ್ಕೆ ಹತ್ತು ಸಲ ಮೊಣಕೈವರೆಗೂ ಕೈ ತೊಳೀತಿದ್ದೆ. ಆ ನಲ್ಲಿ ನೀರಲ್ಲೇ. ನೀನು ಅಲ್ಲೇ ಕೂತು ನೋಡ್ತಿದ್ದೆ."

ಅವನು ಚಾಕುವನ್ನು ತಟ್ಟೆಯ ಅಂಚಿಗೆ ಇಟ್ಟ.

ಸೊಸೆ ಎದ್ದು ಜಗ್ಗಿನ ನೀರನ್ನು ಒಂದು ಬಾಟಲಿಗೆ, ಹರಿಸಿ ಬಿಟ್ಟ ನೀರನ್ನು ಇನ್ನೊಂದಕ್ಕೆ ತುಂಬಿ, ಅತ್ತೆಯ ಹತ್ತಿರ ಚೀಟಿ ಕೇಳಿ ಅಂಟಿಸಿದಳು. ಪರೀಕ್ಷೆಯವರು ವಾರದ ನಂತರ ಹೇಳಿದ್ದೂ ಅದನ್ನೇ. ಹರಿದ ನೀರಿನಲ್ಲಿ ದೋಷವಿಲ್ಲ, ಮಲಗಿದ ನೀರಿನಲ್ಲಿ ತಾಮ್ರ ಮಿತಿಯ ಹಲವು ಪಟ್ಟು. ಆದರೆ ಸೊಸೆ ವಾರದವರೆಗೆ ಕಾಯಲಿಲ್ಲ. ಆ ಬೆಳಗ್ಗೆಯೇ, ನಿದ್ದೆಗಣ್ಣಿನಲ್ಲಿ ಎದ್ದುಬಂದ ಗುಬ್ಬಿ ಅಜ್ಜಿಯ ಕಡೆ ತೋಳು ಚಾಚಿದಳು. ಹಂಡೆಯಮ್ಮ ಅಭ್ಯಾಸಬಲದಿಂದ ಸಿಂಕಿನತ್ತ ಹೋದಳು. ಸೊಸೆ ಅಡ್ಡ ಬಂದು, ಮಗುವನ್ನು ಎತ್ತಿ ಅವಳ ಒಣ ಕೈಗಳಿಗೆ ಕೊಟ್ಟಳು. ಆಮೇಲೆ ಗಂಡನ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದಳು.

ಅಂದೇ ಅವನು ಹರಳು ತಂದ. ಆರು ಮೂಟೆ, ಒಬ್ಬನೇ ಹೊತ್ತ. ಟ್ಯಾಂಕ್ ಬಿಚ್ಚಿ, ಹಳೆಯ ಗಟ್ಟಿಯನ್ನು ಕೆರೆದು ತೆಗೆದು, ಹೊಸದನ್ನು ತುಂಬಿ, ವಾಲ್ವ್ ತೆರೆಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಹಂಡೆಯಮ್ಮ ಮೊದಲಿಂದ ಕೊನೆಯವರೆಗೆ ಪಂಪಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು, ಗುಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು. ಗುಬ್ಬಿ ಹಂಡೆಯ ಮುಚ್ಚಳವನ್ನು ತಂದಿದ್ದಳು, ಅಜ್ಜಿಯ ಬೆನ್ನ ಹಿಂದೆ ಅದನ್ನು ಡಬಡಬ ಬಡಿಯುತ್ತಿದ್ದಳು.

ಬೆವರು ಒರೆಸಿಕೊಂಡು ಅವನು ಜೇಬಿನಿಂದ ಹೊಸ ಬಿಲ್ಲೆ ತೆಗೆದ. ಹರಳು ತುಂಬಿಸಿದ್ದು ಎಂದು ಬರೆದು, ತಾರೀಕು ಹಾಕಿ, ತಂತಿ ಸುತ್ತಲು ಹೋದ. ಅವಳು ಕೈ ಚಾಚಿ ತಡೆದಳು. ಹಳೆಯ ಬಿಲ್ಲೆಯನ್ನು ಅವನ ಅಂಗೈಗೆ ಹಾಕಿದಳು.

"ಇದ್ರಲ್ಲಿ ಇನ್ನೊಂದು ಸಾಲು ಬರೀಬೇಕು. ಹಂಡೆ ಕೊಯ್ದದ್ದು, ಜುಲೈ ಇಪ್ಪತ್ಮೂರು."

ಅವನು ಅವಳ ಮುಖ ನೋಡಿದ. ಅಲ್ಲಿ ಅವನಿಗೆ ಬೇಕಾದದ್ದು ಸಿಗಲಿಲ್ಲ. ಪೆನ್ನು ತೆಗೆದು, ಟ್ಯಾಂಕಿನ ಮೇಲೆ ಬಿಲ್ಲೆ ಒತ್ತಿಹಿಡಿದು, ದುಂಡಗೆ ಬರೆದ.

"ಯಾಕೆ ಅಂತಾನೂ ಬರಿ," ಎಂದಳು ಹಂಡೆಯಮ್ಮ.

"ಜಾಗ ಸಾಲಲ್ಲಮ್ಮ."

"ಹಿಂದುಗಡೆ ಖಾಲಿ ಇದೆ," ಎಂದಳು.